ತೆಂಗು ಮರವೇ? ಸಸ್ಯವರ್ಗೀಕರಣವೂ ಕನ್ನಡದ ವಿದ್ಯಾರ್ಥಿಯೂ

ತೆಂಗು ಮರವೇ, ಅಲ್ಲವೇ? ಹೀಗೊಂದು ಪ್ರಶ್ನೆ ಏಳಬಹುದೆಂದು ನಮ್ಮ ಹಿರಿಯರಾರೂ ಊಹಿಸಿರಲಾರರು. ಆದರೆ 2016ರ ಆರಂಭದಲ್ಲಿ ಗೋವೆಯ ವಿಧಾನಸಭೆಯು 1984ರ ವೃಕ್ಷ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು, ತೆಂಗನ್ನು ‘ಮರ’ ಎಂಬ ಪರಿಭಾಷೆಯಿಂದ ಹೊರಗಿಟ್ಟಿತು. 2008ರ ತಿದ್ದುಪಡಿಯಿಂದ ಆ ಕಾಯ್ದೆಯೊಳಗೆ ಬಂದಿದ್ದ ತೆಂಗು ಎಂಟೇ ವರ್ಷಗಳಲ್ಲಿ ಮರದ ಪಟ್ಟವನ್ನು ಕಳೆದುಕೊಂಡಿತು. 2017ರಲ್ಲಿ ಚುನಾವಣೆ ನಡೆದು ಹೊಸ ಮಂತ್ರಿಮಂಡಲ ಬಂದ ಮೇಲೆ ಅದನ್ನು ಮರಳಿ ಪಡೆಯಿತು. ಈ ಅವಧಿಯಲ್ಲಿ ತೆಂಗಿನ ಬೇರು, ಕಾಂಡ, ಗರಿ, ಹೊಂಬಾಳೆಗಳಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಬದಲಾದದ್ದು ಒಂದು ಶಬ್ದದ ಅರ್ಥ ಮಾತ್ರ. ಆ ಶಬ್ದದ ಅರ್ಥ ಬದಲಾದೊಡನೆ, ತೆಂಗನ್ನು ಕಡಿಯುವವನು ಅಧಿಕಾರಿಯ ಅನುಮತಿ ಪಡೆಯಬೇಕೇ ಬೇಡವೇ ಎಂಬುದೂ ಬದಲಾಯಿತು.

ಶಬ್ದದ ಅರ್ಥವೇ ವಿವಾದದ ಮೂಲವಾಗಿರುವಾಗ, ಅದು ಭಾಷೆಯ ವಿದ್ಯಾರ್ಥಿಗೆ ಸಂಬಂಧಿಸಿದ ವಿಷಯವೇ ಆಗುತ್ತದೆ. ಸಸ್ಯಗಳ ವರ್ಗೀಕರಣವು ವಿಜ್ಞಾನ ವಿಭಾಗದವರಿಗೆ ಸೇರಿದ್ದು, ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡವರಿಗೆ ಅದರ ಗೊಡವೆ ಬೇಡ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಇದು ಸರಿಯಲ್ಲ ಎಂಬುದು ಈ ಲೇಖನದ ವಾದ. ಸಸ್ಯಶಾಸ್ತ್ರದ ದೊಡ್ಡ ಗುಂಪುಗಳಾವುವು, ಅವುಗಳ ಲಕ್ಷಣಗಳೇನು ಎಂಬುದನ್ನು ನಾವು ತಿಳಿದಿರಬೇಕು. ಆ ಗುಂಪುಗಳಿಗೂ ಮರ, ಗಿಡ, ಬಳ್ಳಿ, ಹುಲ್ಲು ಎಂಬ ನಮ್ಮ ಮಾತುಗಳಿಗೂ ಇರುವ ವ್ಯತ್ಯಾಸವನ್ನೂ ತಿಳಿದಿರಬೇಕು. ಎರಡನ್ನೂ ಬಲ್ಲವನು ಮಾತ್ರ, ಒಂದರ ಹೆಸರಿನಲ್ಲಿ ಇನ್ನೊಂದನ್ನು ತಿರುಚುವ ಯತ್ನವನ್ನು ಗುರುತಿಸಬಲ್ಲ.

ಮೊದಲು ಶಾಸ್ತ್ರದ ವಿಭಾಗಗಳನ್ನು ನೋಡೋಣ. ಇದಕ್ಕೆ ಪ್ರಯೋಗಾಲಯವೇ ಬೇಕೆಂದಿಲ್ಲ. ದಾಬೋಲಿಮ್‌ನ ಸುತ್ತಲಿನ ನೆಲವೇ ಸಾಕು. ಒಂದು ಕಡೆ ಜುವಾರಿಯ ಅಳಿವೆ, ಇನ್ನೊಂದು ಕಡೆ ಅರಬ್ಬೀ ಸಮುದ್ರ; ನಡುವೆ ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲು. ವಿಮಾನ ನಿಲ್ದಾಣವಿರುವುದು ಇಂಥ ಬಯಲಿನ ಮೇಲೆಯೇ. ಮುಂಗಾರು ಹಿಡಿದ ಕೆಲವು ವಾರಗಳಲ್ಲಿ ನೀರು ನಿಂತ ಕಲ್ಲಿನ ಮೇಲೆ ಹಸಿರು ಲೋಳೆ ಕಟ್ಟುತ್ತದೆ. ಅದು ಶೈವಲ. ಅದಕ್ಕೆ ಬೇರು, ಕಾಂಡ, ಎಲೆ ಎಂಬ ಭೇದವಿಲ್ಲ. ಇಡೀ ದೇಹವೇ ನೀರನ್ನೂ ಬೆಳಕನ್ನೂ ಹೀರುತ್ತದೆ.

ಅದೇ ಮಳೆಯಲ್ಲಿ ಕಾಂಪೌಂಡು ಗೋಡೆಯ ಜಂಬಿಟ್ಟಿಗೆಯ ಮೇಲೆ ಮಖಮಲ್ಲಿನಂತಹ ಹೊದಿಕೆಯೊಂದು ಹಬ್ಬುತ್ತದೆ. ಇದು ಹಾವಸೆ, ಶಾಸ್ತ್ರದ ಹೆಸರಿನಲ್ಲಿ ಬ್ರಯೋಫೈಟ. ಇದಕ್ಕೆ ಎಲೆಯಂತಹ, ಕಾಂಡದಂತಹ ಭಾಗಗಳಿವೆ; ಆದರೆ ನೀರನ್ನು ಮೇಲಕ್ಕೆ ಸಾಗಿಸುವ ನಿಜವಾದ ವಾಹಕ ನಾಳಗಳಿಲ್ಲ, ನಿಜವಾದ ಬೇರೂ ಇಲ್ಲ. ಹಾವಸೆ ನೆಲಕ್ಕೆ ಅಂಟಿಕೊಂಡೇ ಬೆಳೆಯುವುದಕ್ಕೆ ಇದು ಮುಖ್ಯ ಕಾರಣ. ಇದರ ಗಂಡು ಕೋಶಗಳು ಹೆಣ್ಣು ಕೋಶವನ್ನು ತಲುಪಲು ತೆಳುವಾದ ನೀರಿನ ಪದರವಾದರೂ ಬೇಕು; ಹೀಗಾಗಿ ಹಾವಸೆಗೆ ಮಳೆಗಾಲವೇ ಸಂತಾನಕಾಲ.

ಹಳೆಯ ಬಾವಿಯ ಒಳಗೋಡೆಯಲ್ಲಿ ಸುರುಳಿ ಬಿಚ್ಚುತ್ತ ಬೆಳೆಯುವುದು ಜರೀಗಿಡ. ಇಲ್ಲಿ ವಾಹಕ ನಾಳಗಳಿವೆ, ನಿಜವಾದ ಬೇರು, ಕಾಂಡ, ಎಲೆಗಳಿವೆ. ಆದ್ದರಿಂದ ಎತ್ತರ ಸಾಧ್ಯ. ಆದರೆ ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂಬದಿಯ ಕಂದು ಚುಕ್ಕೆಗಳಲ್ಲಿರುವ ಬೀಜಕಗಳಿಂದಲೇ ವಂಶ ಮುಂದುವರಿಯಬೇಕು. ನಾಲ್ಕನೆಯದು ಅನಾವೃತಬೀಜ ಸಸ್ಯಗಳು. ಬೀಜವಿದೆ, ಆದರೆ ಅದನ್ನು ಸುತ್ತುವರಿದ ಕಾಯಿಲ್ಲ. ಬೀಜ ಬೆತ್ತಲೆಯಾಗಿಯೇ ಕೂತಿರುತ್ತದೆ. ಉದ್ಯಾನಗಳಲ್ಲಿ ಅಲಂಕಾರಕ್ಕೆ ನೆಡುವ, ಈಚಲನ್ನು ನೆನಪಿಸುವ ಸೈಕಾಸ್ ಈ ಗುಂಪಿನದು. ಹಿಮಾಲಯದ ಪೈನ್, ದೇವದಾರುಗಳೂ ಇದೇ ಗುಂಪಿಗೆ ಸೇರಿವೆ. ಇಡೀ ಜಗತ್ತಿನಲ್ಲಿ ಈ ಗುಂಪಿನ ಪ್ರಭೇದಗಳು ಸುಮಾರು ಒಂದು ಸಾವಿರ ಮಾತ್ರ.

ಐದನೆಯದು ಆವೃತಬೀಜ ಸಸ್ಯಗಳು, ಅಂದರೆ ಹೂ ಬಿಡುವ ಸಸ್ಯಗಳು. ಬೀಜವು ಅಂಡಾಶಯದೊಳಗೆ ಬೆಳೆಯುತ್ತದೆ. ಅಂಡಾಶಯವೇ ಬಲಿತು ಕಾಯಿಯಾಗುತ್ತದೆ. ಇವುಗಳ ಪ್ರಭೇದಗಳು ಸುಮಾರು ಮೂರು ಲಕ್ಷ. ಇವುಗಳಲ್ಲಿ ಬೀಜದ ಎಲೆ ಒಂದೇ ಇರುವವು ಏಕದಳ: ಭತ್ತ, ಬಿದಿರು, ಬಾಳೆ, ಅಡಕೆ, ತೆಂಗು. ಎರಡು ಇರುವವು ದ್ವಿದಳ: ಅವರೆ, ಮಾವು, ಹಲಸು, ಗೇರು. ದ್ವಿದಳದ ಮರಗಳಲ್ಲಿ ತೊಗಟೆಗೂ ಒಳಮರಕ್ಕೂ ನಡುವೆ ಬೆಳವಣಿಗೆಯ ಪದರವೊಂದಿದ್ದು ಕಾಂಡ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ತೆಂಗಿನಲ್ಲಿ ಈ ಪದರವಿಲ್ಲ. ಅದರ ನಾಳಗಳ ಕಟ್ಟುಗಳು ಕಾಂಡದ ತುಂಬ ಚದುರಿಕೊಂಡಿವೆ. ಅದು ಎಳೆಯದಿದ್ದಾಗಲೇ ತನ್ನ ದಪ್ಪವನ್ನು ನಿರ್ಧರಿಸಿಕೊಂಡು, ಆಮೇಲೆ ಮೇಲಕ್ಕೆ ಏರುತ್ತದೆ. ಬೆಳೆಯುವ ಮೊಗ್ಗು ತುದಿಯ ಸುಳಿಯೊಂದೇ. ಸುಳಿ ಕೊಳೆತರೆ ತೆಂಗು ಸತ್ತಿತೆಂದೇ ಅರ್ಥ ಎಂಬುದು ನಮ್ಮ ತೋಟಿಗರೆಲ್ಲರೂ ಬಲ್ಲ ಮಾತು.

ತೆಂಗನ್ನು ಹೊರಗಿಡುವವರ ವಾದಕ್ಕೆ ಆಧಾರ ಸಿಕ್ಕಿದ್ದು ಇಲ್ಲಿಯೇ. ತೆಂಗಿಗೆ ಕೊಂಬೆಗಳಿಲ್ಲ, ಅದು ತಾಳೆಯ ಜಾತಿಗೆ ಸೇರಿದ್ದು, ಆದ್ದರಿಂದ ಅದು ಮರವಲ್ಲ ಎಂಬ ಮಾತು ಆಗ ಕೇಳಿಬಂತು. ಕೆಲವರು ಇನ್ನೂ ಮುಂದೆ ಹೋಗಿ ಅದನ್ನು ಹುಲ್ಲೆಂದೇ ಕರೆದರು. ಈ ವಾದದ ಮೊದಲ ಎರಡು ಮಾತುಗಳು ನಿಜ. ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ಹುಲ್ಲೆಂಬುದಂತೂ ಶಾಸ್ತ್ರಕ್ಕೂ ಒಪ್ಪದ ಮಾತು. ಹುಲ್ಲಿನ ಕುಟುಂಬ ಬೇರೆ, ತಾಳೆಯ ಕುಟುಂಬ ಬೇರೆ. ಎರಡೂ ಏಕದಳಗಳೆಂಬುದಷ್ಟೇ ಅವುಗಳ ನಂಟು. ಈ ನಂಟಿನಿಂದ ತೆಂಗನ್ನು ಹುಲ್ಲೆನ್ನುವುದಾದರೆ ನೆಲದ ಮೇಲೆ ಹರಡುವ ಕಡಲೆ ಗಿಡವನ್ನು ಮಾವಿನ ಮರವೆನ್ನಬೇಕಾದೀತು, ಎರಡೂ ದ್ವಿದಳಗಳಲ್ಲವೇ?

ಮುಖ್ಯವಾದ ಸಂಗತಿಯೆಂದರೆ, ಸಸ್ಯಶಾಸ್ತ್ರದ ಗುಂಪುಗಳಲ್ಲಿ ‘ಮರ’ ಎಂಬ ಗುಂಪೇ ಇಲ್ಲ. ಪಶ್ಚಿಮ ಘಟ್ಟದ ತಂಪಾದ ಕಣಿವೆಗಳಲ್ಲಿ ಆಳೆತ್ತರಕ್ಕೂ ಮೀರಿ ಬೆಳೆಯುವ ಮರಜರಿಗಳಿವೆ. ಅವು ಬೀಜವೇ ಇಲ್ಲದ ಜರೀಗಿಡಗಳ ಗುಂಪಿನವು. ದೇವದಾರು ಅನಾವೃತಬೀಜದ ಮರ. ತೆಂಗು ಏಕದಳದ ಮರ. ಮಾವು ದ್ವಿದಳದ ಮರ. ಒಂದೇ ಅವರೆ ಕುಟುಂಬದೊಳಗೆ ಹೆಸರು ಗಿಡವಾಗಿದೆ, ಅವರೆ ಬಳ್ಳಿಯಾಗಿದೆ, ಹುಣಸೆ ಹೆಮ್ಮರವಾಗಿದೆ. ಶಾಸ್ತ್ರವು ಸಸ್ಯಗಳನ್ನು ಅವುಗಳ ವಂಶಸಂಬಂಧದಿಂದ, ಸಂತಾನೋತ್ಪತ್ತಿಯ ಕ್ರಮದಿಂದ, ಒಳರಚನೆಯಿಂದ ವಿಂಗಡಿಸುತ್ತದೆ. ಮರ ಎಂಬುದು ಆಕೃತಿಯನ್ನು ಹೇಳುವ ಮಾತು: ಎತ್ತರ, ಗಟ್ಟಿ ಕಾಂಡ, ದೀರ್ಘಾಯುಷ್ಯ. ಆಕೃತಿಯ ಮಾತನ್ನು ವಂಶದ ಮಾತಿನಿಂದ ಅಲ್ಲಗಳೆಯಲಾಗದು. ಒಬ್ಬನು ಯಾವ ಮನೆತನದವನೆಂಬುದನ್ನು ಹೇಳಿ ಅವನು ಎತ್ತರದವನಲ್ಲವೆಂದು ಸಾಧಿಸಿದಂತೆ ಅದು.

ಆಕೃತಿಯನ್ನೇ ನೆಚ್ಚಿ ವಂಶವನ್ನು ಹೇಳುವುದೂ ಅಷ್ಟೇ ಅಪಾಯಕರ. ಕಡಲದಂಡೆಗಳಲ್ಲಿ ನೆಟ್ಟಿರುವ ಗಾಳಿಮರವನ್ನು ನೋಡಿದವರು ಪೈನ್ ಜಾತಿಯದೆಂದೇ ಭ್ರಮಿಸುತ್ತಾರೆ. ಸೂಜಿಯಂತಹ ಎಲೆ, ಶಂಕುವಿನಂತಹ ಕಾಯಿ, ಗಾಳಿಗೆ ಸುಯ್ಯೆನ್ನುವ ನಾದ, ಎಲ್ಲವೂ ಹಾಗೆಯೇ. ಆದರೆ ಆ ಸೂಜಿಗಳು ಎಲೆಗಳಲ್ಲ, ಸಂದು ಸಂದಾಗಿ ಜೋಡಿಸಿದಂತಿರುವ ಕಿರುಗೊಂಬೆಗಳು. ನಿಜವಾದ ಎಲೆಗಳು ಆ ಸಂದುಗಳಲ್ಲಿರುವ ಪುಟ್ಟ ಪೊರೆಗಳು. ಗಾಳಿಮರ ಹೂ ಬಿಡುವ ದ್ವಿದಳ ಸಸ್ಯ. ಇಂಥಲ್ಲಿ ಶಾಸ್ತ್ರದ ವರ್ಗೀಕರಣವೇ ನಮ್ಮ ಕಣ್ಣನ್ನು ತಿದ್ದುತ್ತದೆ. ತೆಂಗಿನ ವಂಶದ ಗುರುತನ್ನು ಹುಡುಕುವವನೂ ಕೊಂಬೆಗಳನ್ನು ಎಣಿಸಬೇಕಿಲ್ಲ, ಎಳನೀರನ್ನು ಕುಡಿದರೆ ಸಾಕು. ಎಳನೀರೆಂಬುದು ಎಳೆಯ ಭ್ರೂಣಕ್ಕಾಗಿ ಸಿದ್ಧವಾದ ಆಹಾರ. ಅದೇ ಕ್ರಮೇಣ ಗಟ್ಟಿಯಾಗಿ ಕೊಬ್ಬರಿಯಾಗುತ್ತದೆ. ಎರಡು ಬಾರಿ ಫಲೀಕರಣ ನಡೆದು ಇಂತಹ ಆಹಾರ ರೂಪುಗೊಳ್ಳುವುದು ಹೂ ಬಿಡುವ ಸಸ್ಯಗಳ ವಿಶೇಷ ಲಕ್ಷಣ.

ಇನ್ನು ಭಾಷೆಯ ಕಡೆಗೆ ಬರೋಣ. ಮರ ಎಂಬ ಶಬ್ದದ ಅಂಚುಗಳು ಕನ್ನಡದೊಳಗೇ ಒಂದೇ ರೀತಿಯಾಗಿಲ್ಲ. ಕರಾವಳಿ, ಮಲೆನಾಡು, ಮೈಸೂರು ಸೀಮೆಗಳವರು ಮಾವಿನ ಮರ, ಬೇವಿನ ಮರ ಎನ್ನುತ್ತಾರೆ. ಉತ್ತರ ಕರ್ನಾಟಕದ ಜನ ಬೇವಿನ ಗಿಡ, ಹುಣಸೀ ಗಿಡ ಎನ್ನುವುದುಂಟು. ಅಲ್ಲಿ ಗಿಡವೆಂದರೆ ಚಿಕ್ಕದೆಂದು ಅರ್ಥವಲ್ಲ. ವಾಸ್ಕೊ, ಜುವಾರಿನಗರಗಳಲ್ಲಿ ನೆಲೆಸಿದ ಕನ್ನಡಿಗರಲ್ಲಿ ಬಹಳ ಮಂದಿ ಆ ಭಾಗದಿಂದ ಬಂದವರು. ಅವರ ಬಾಯಲ್ಲಿ ತೆಂಗೂ ಗಿಡವಾಗಬಹುದು. ಪಕ್ಕದ ಮನೆಯ ಕೊಂಕಣಿಗರು ತೆಂಗಿನ ಮರವನ್ನು ಮಾಡ್ ಎಂಬ ಪ್ರತ್ಯೇಕ ಹೆಸರಿನಿಂದಲೇ ಕರೆಯುತ್ತಾರೆ. ಈ ಮೂರು ಬಗೆಯ ಮಾತೂ ತಪ್ಪಲ್ಲ. ಆದರೆ ಗಿಡ ಎಂದು ಕರೆದ ಮಾತ್ರಕ್ಕೆ ಬೇವನ್ನು ರಕ್ಷಣೆಯಿಂದ ಹೊರಗಿಡಬೇಕೆಂದು ಯಾರೂ ಹೇಳುವುದಿಲ್ಲ.

ಜನಭಾಷೆಯ ವಿಂಗಡಣೆ ಬರಿಯ ಆಕೃತಿಯದು, ಅದರಲ್ಲಿ ಜ್ಞಾನವಿಲ್ಲ ಎಂದು ತಿಳಿಯುವುದೂ ಸರಿಯಲ್ಲ. ಗೋವೆಯ ಗುಡ್ಡಗಳನ್ನೆಲ್ಲ ಆವರಿಸಿರುವ ಗೋಡಂಬಿಯ ಮರವನ್ನು ಬ್ರೆಜಿಲ್‌ನಿಂದ ತಂದವರು ಪೋರ್ಚುಗೀಸರು. ಕನ್ನಡಿಗರು ಅದನ್ನು ಗೇರು ಎಂದು ಕರೆದರು. ಗೇರು ಎಂಬ ಹೆಸರು ನಮ್ಮಲ್ಲಿ ಮೊದಲೇ ಇತ್ತು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ಕಾಯಿಯ ಮರಕ್ಕೆ ಅದು ಸಲ್ಲುತ್ತಿತ್ತು. ಎರಡರ ಬೀಜವೂ ಉಬ್ಬಿದ ತೊಟ್ಟಿನ ತುದಿಯಲ್ಲಿ ಕೂತಿರುತ್ತದೆ. ಎರಡರ ಸಿಪ್ಪೆಯ ಎಣ್ಣೆಯೂ ಚರ್ಮವನ್ನು ಸುಡುತ್ತದೆ. ಸಸ್ಯಶಾಸ್ತ್ರವೂ ಇವೆರಡನ್ನು ಒಂದೇ ಕುಟುಂಬದಲ್ಲಿ ಇರಿಸಿದೆ. ಹೊಸದಾಗಿ ಬಂದ ಮರದ ನಂಟನ್ನು ಹೆಸರಿಟ್ಟ ಜನ ಸೂಕ್ಷ್ಮವಾಗಿಯೇ ಕಂಡಿದ್ದರು.

ಸಂಸ್ಕೃತದ ಶಾಸ್ತ್ರಪರಂಪರೆಯೂ ಈ ವಿಷಯದಲ್ಲಿ ಎಚ್ಚರದಿಂದಿತ್ತು. ಚರಕಸಂಹಿತೆಯು ಸಸ್ಯಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಹೂವು ಕಾಣದೆ ಹಣ್ಣಾಗುವ ವನಸ್ಪತಿ, ಹೂವೂ ಹಣ್ಣೂ ಇರುವ ವಾನಸ್ಪತ್ಯ, ಫಲ ಬಿಟ್ಟು ಒಣಗುವ ಓಷಧಿ, ಹಬ್ಬುವ ವೀರುಧ. ಅಮರಕೋಶವು ತೆಂಗು, ತಾಳೆ, ಅಡಕೆ, ಈಚಲುಗಳ ಬಳಗಕ್ಕೆ ಒಂದು ಹೆಸರನ್ನೇ ಕೊಟ್ಟಿದೆ: ತೃಣದ್ರುಮ. ಅಂದರೆ ಹುಲ್ಲಿನ ಗುಣವುಳ್ಳ ಮರ. ಕೊಂಬೆಯಿಲ್ಲದ, ನಾರಿನ ಕಾಂಡದ ಈ ಬಳಗ ಮಾವು ಹಲಸುಗಳಂತಲ್ಲ ಎಂಬುದನ್ನು ಅಮರಸಿಂಹ ಕಂಡಿದ್ದ. ಆದರೂ ದ್ರುಮ ಎಂಬುದನ್ನು ಬಿಟ್ಟುಕೊಡಲಿಲ್ಲ. ನಮ್ಮ ಕಾಲದಲ್ಲಿ ಎರಡು ಪಕ್ಷಗಳಾಗಿ ಜಗಳವಾಡಿದವರಿಗೆ ಬೇಕಾದ ಉತ್ತರ ಒಂದೇ ಸಮಾಸಪದದಲ್ಲಿತ್ತು. ಅಮರಕೋಶವನ್ನು ಓದಿದ ಕನ್ನಡದ ವಿದ್ಯಾರ್ಥಿ ಆ ಚರ್ಚೆಯಲ್ಲಿ ಮಾತನಾಡಲು ಅರ್ಹನಾಗಿದ್ದ ಎಂದು ನಾನು ಹೇಳುವುದು ಈ ಕಾರಣದಿಂದಲೇ.

ಗೋವೆಯ ನೆಲವೂ ಇಂತಹ ಚರ್ಚೆಗೆ ಹೊಸದಲ್ಲ. ಪೋರ್ಚುಗೀಸ್ ವೈದ್ಯ ಗಾರ್ಸಿಯ ದ ಓರ್ತ ಭಾರತದ ಔಷಧಸಸ್ಯಗಳನ್ನು ಕುರಿತು ಸಂವಾದರೂಪದಲ್ಲಿ ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲಿಯೇ ಅಚ್ಚಾಯಿತು. ಅದರಲ್ಲಿ ತೆಂಗಿನ ಬಗ್ಗೆಯೂ ಒಂದು ಸಂವಾದವಿದೆ. ಆತ ವಸ್ತುಗಳನ್ನು ಜೋಡಿಸಿದ್ದು ಬಹುಮಟ್ಟಿಗೆ ಹೆಸರುಗಳ ಅಕ್ಷರಕ್ರಮದಲ್ಲಿ. ಸಸ್ಯಗಳ ನಂಟನ್ನು ಆಧರಿಸಿದ ಕ್ರಮ ಅದಲ್ಲ. ಸುಮಾರು ನೂರು ವರ್ಷಗಳ ಅನಂತರ ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ‘ಹೋರ್ತುಸ್ ಮಲಬಾರಿಕುಸ್’ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಾಗಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾಯಿತು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೊಡನೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಅದಕ್ಕೆ ನೆರವಾದರು. ಆ ಮಹಾಗ್ರಂಥದ ಮೊದಲ ಸಸ್ಯವೇ ತೆಂಗು, ‘ತೆಂಗ’ ಎಂಬ ಹೆಸರಿನಲ್ಲಿ. 1753ರಲ್ಲಿ ಲಿನೇಯಸ್ ಸಸ್ಯಗಳಿಗೆ ಎರಡು ಪದಗಳ ಹೆಸರನ್ನು ಕ್ರಮಬದ್ಧವಾಗಿ ಕೊಟ್ಟಾಗ ಭಾರತದ ಅನೇಕ ಸಸ್ಯಗಳಿಗೆ ಅವನಿಗಿದ್ದ ಆಧಾರ ಈ ಗ್ರಂಥ. ದೇಶಭಾಷೆಗಳ ಹೆಸರುಗಳನ್ನು ಬಲ್ಲವರ ನೆರವಿಲ್ಲದೆ ಸಸ್ಯವರ್ಗೀಕರಣ ಭಾರತದಲ್ಲಿ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಕಾಯ್ದೆಗೆ ಖಚಿತವಾದ ಪರಿಭಾಷೆ ಬೇಕು. ಜನರ ಆಡುಮಾತನ್ನೇ ನಂಬಿ ದಂಡ ವಿಧಿಸಲಾಗದು. ಮುದಿಯಾಗಿ ಫಲ ಬಿಡದ ತೆಂಗನ್ನು ತೆಗೆದು ಹೊಸದನ್ನು ನೆಡಲು ರೈತನು ಕಚೇರಿಗೆ ಅಲೆಯಬೇಕಾಗಬಾರದು. ಈ ಮಾತು ನ್ಯಾಯವಾದುದು. ತಿದ್ದುಪಡಿಯ ಪರವಾಗಿದ್ದವರು ಇದನ್ನೂ ಹೇಳಿದ್ದರು. ಆದರೆ ಈ ಅನುಕೂಲಕ್ಕಾಗಿ ತೆಂಗು ಮರವಲ್ಲವೆಂದು ಸಾರಬೇಕಿರಲಿಲ್ಲ. ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯನ್ನು ನೋಡಿ. ಅದು ತೆಂಗು, ಗಾಳಿಮರ, ನೀಲಗಿರಿ, ರಬ್ಬರ್ ಮುಂತಾದವನ್ನು ಕಡಿಯಲು ಅನುಮತಿ ಬೇಡವೆಂದು ವಿನಾಯಿತಿ ಕೊಟ್ಟಿದೆ. ಮರವೆಂದು ಒಪ್ಪಿಕೊಂಡೇ ವಿನಾಯಿತಿ ಕೊಟ್ಟಿದೆ. ವಿನಾಯಿತಿ ಎಷ್ಟು ಸರಿ ಎಂಬುದನ್ನು ಯಾರು ಬೇಕಾದರೂ ಚರ್ಚಿಸಬಹುದು, ಏಕೆಂದರೆ ಅದು ನೀತಿಯ ಪ್ರಶ್ನೆಯಾಗಿ ಎದುರಿಗಿದೆ. ಮರವಲ್ಲ ಎಂದುಬಿಟ್ಟರೆ ನೀತಿಯ ಪ್ರಶ್ನೆ ಶಾಸ್ತ್ರದ ಮರೆಯಲ್ಲಿ ಅಡಗಿಕೊಳ್ಳುತ್ತದೆ. ಸಾಮಾನ್ಯ ಜನ ‘ಶಾಸ್ತ್ರ ಹಾಗೆ ಹೇಳುತ್ತದೆಯಂತೆ’ ಎಂದು ಸುಮ್ಮನಾಗುತ್ತಾರೆ.

ಬಿದಿರಿನ ಉದಾಹರಣೆಯೂ ಇದನ್ನೇ ಹೇಳುತ್ತದೆ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಮರ ಎಂಬುದರೊಳಗೆ ತಾಳೆಯ ಜಾತಿ, ಬಿದಿರು, ಬೆತ್ತ ಎಲ್ಲವೂ ಸೇರಿದ್ದವು. 2017ರಲ್ಲಿ ಕೇಂದ್ರ ಸರ್ಕಾರ ಬಿದಿರನ್ನು ಆ ಪಟ್ಟಿಯಿಂದ ತೆಗೆಯಿತು. ತನ್ನ ಹೊಲದಲ್ಲಿ ಬಿದಿರು ಬೆಳೆಯುವವನು ಅದನ್ನು ಕಡಿದು ಸಾಗಿಸಲು ಪರವಾನಗಿಗೆ ಅಲೆಯಬಾರದೆಂಬುದು ಉದ್ದೇಶ. ಬಿದಿರು ನಿಜವಾಗಿಯೂ ಹುಲ್ಲಿನ ಕುಟುಂಬದ್ದು. ಆದರೆ 90 ವರ್ಷ ಕಾಯ್ದೆಯಲ್ಲಿ ಅದು ಮರವಾಗಿತ್ತು. ಅದೇ ವರ್ಷ ಗೋವೆಯಲ್ಲಿ ತೆಂಗು ಮರವಾಗಿ ಹಿಂದಿರುಗಿತು. ಒಂದು ಕಡೆ ರೈತನ ಹಿತ, ಇನ್ನೊಂದು ಕಡೆ ನೆರಳಿನ, ನೆಲದ ಹಿತ. ಎರಡೂ ನಿರ್ಧಾರಗಳ ಹಿಂದಿದ್ದುದು ಉದ್ದೇಶ, ಸಸ್ಯಶಾಸ್ತ್ರವಲ್ಲ. ಉದ್ದೇಶವನ್ನು ಉದ್ದೇಶವೆಂದೇ ಹೇಳುವುದು ಪ್ರಾಮಾಣಿಕತೆ.

ಹಾಗಾದರೆ ಕನ್ನಡದ ವಿದ್ಯಾರ್ಥಿ ಮಾಡಬೇಕಾದುದೇನು? ಮೊದಲನೆಯದಾಗಿ, ಪಾರಿಭಾಷಿಕ ಪದಗಳನ್ನು ಅರ್ಥದೊಡನೆ ಕಲಿಯಬೇಕು. ನಮ್ಮಲ್ಲಿ ಪಾಚಿ ಎಂಬ ಒಂದೇ ಮಾತು ಶೈವಲಕ್ಕೂ ಹಾವಸೆಗೂ ಸಲ್ಲುತ್ತಿದೆ. ಅನುವಾದಕನಾಗಲಿರುವವನಿಗೆ ಈ ಎರಡರ ವ್ಯತ್ಯಾಸ ತಿಳಿಯದಿದ್ದರೆ ವಾಕ್ಯವೇ ತಪ್ಪುತ್ತದೆ. ಅಣಬೆಯನ್ನು ಸಸ್ಯವೆಂದು ಬರೆಯುವ ರೂಢಿ ಇನ್ನೂ ಉಳಿದಿದೆ. 1969ರಲ್ಲಿ ವಿಟ್ಟೇಕರ್ ಮಂಡಿಸಿದ ಐದು ಸಾಮ್ರಾಜ್ಯಗಳ ವಿಂಗಡಣೆಯ ತರುವಾಯ ಶಿಲೀಂಧ್ರಗಳಿಗೆ ಬೇರೆಯದೇ ಸ್ಥಾನವಿದೆ. ಎರಡನೆಯದಾಗಿ, ತಮ್ಮ ತಮ್ಮ ಮನೆಗಳ ಮಾತಿನಲ್ಲಿರುವ ಸಸ್ಯನಾಮಗಳನ್ನು ಸಂಗ್ರಹಿಸಬೇಕು. ವಿಜಯಪುರದ ಅಜ್ಜಿಯೂ ಕಾರವಾರದ ಅಜ್ಜಿಯೂ ಒಂದೇ ಗಿಡಕ್ಕೆ ಬೇರೆ ಬೇರೆ ಹೆಸರು ಹೇಳುವುದುಂಟು. ಗೋವೆಯಲ್ಲಿ ಅವರಿಬ್ಬರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಇಂತಹ ಅವಕಾಶ ಕರ್ನಾಟಕದ ಎಷ್ಟೋ ಕಾಲೇಜುಗಳಿಗಿಲ್ಲ. ಮೂರನೆಯದಾಗಿ, ಕಾಯ್ದೆ, ಸುತ್ತೋಲೆ, ಪತ್ರಿಕೆಗಳಲ್ಲಿ ‘ಶಾಸ್ತ್ರದ ಪ್ರಕಾರ’ ಎಂಬ ಮಾತು ಬಂದಾಗ ಯಾವ ಶಾಸ್ತ್ರ, ಅದರಲ್ಲಿ ಆ ಪದ ಇದೆಯೇ ಎಂದು ಕೇಳಬೇಕು.

ಈ ದಾರಿಯಲ್ಲಿ ನಮಗೆ ಮುಂದೆ ನಡೆದವರಿದ್ದಾರೆ. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವದ ‘ಹಸುರು ಹೊನ್ನು’ ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅದೇ ಲೇಖಕರು ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಕೃತಿಯನ್ನೂ ರಚಿಸಿದರು. ಸಸ್ಯಶಾಸ್ತ್ರಜ್ಞನು ಶಾಸನಗಳತ್ತ ಹೊರಳಬಹುದಾದರೆ, ಶಾಸನಗಳನ್ನು ಓದುವ ವಿದ್ಯಾರ್ಥಿ ಸಸ್ಯಗಳತ್ತ ಹೊರಳಲು ಹಿಂಜರಿಯಬೇಕಿಲ್ಲ. ಗೋವೆಯ ಕದಂಬರ ಕಾಲದ ಕನ್ನಡ ಶಾಸನಗಳನ್ನು ಓದುವಾಗ ತೋಟ, ತೆಂಗು, ಅಡಕೆ ಎಂಬ ಮಾತು ಬಂದಲ್ಲಿ ಒಂದು ಕ್ಷಣ ನಿಲ್ಲುವ ಅಭ್ಯಾಸ ಬೆಳೆಯಲಿ.

ತೆಂಗು ಯಾವ ಗುಂಪಿನದೆಂದು ಕೇಳಿದರೆ ಆವೃತಬೀಜ, ಏಕದಳ, ತಾಳೆಯ ಕುಟುಂಬ ಎಂದು ತಡವರಿಸದೆ ಹೇಳಬೇಕು. ತೆಂಗು ಮರವೇ ಎಂದು ಕೇಳಿದರೆ ಹೌದೆಂದು ಅಷ್ಟೇ ನಿಸ್ಸಂಶಯವಾಗಿ ಹೇಳಬೇಕು. ಮೊದಲ ಉತ್ತರ ಸಸ್ಯಶಾಸ್ತ್ರ ಕೊಟ್ಟದ್ದು, ಎರಡನೆಯದು ಜನ ಕೊಟ್ಟದ್ದು. ಒಂದು ಇನ್ನೊಂದನ್ನು ರದ್ದುಗೊಳಿಸುವುದಿಲ್ಲ. ಅದನ್ನು ಕಡಿಯಬಹುದೇ ಎಂಬುದು ಮೂರನೆಯ ಪ್ರಶ್ನೆ. ಅದಕ್ಕೆ ನಿಘಂಟಿನಲ್ಲಾಗಲಿ ಸಸ್ಯಕೋಶದಲ್ಲಾಗಲಿ ಉತ್ತರವಿಲ್ಲ. ನಾವೆಲ್ಲ ಕುಳಿತು, ಕಾರಣಗಳನ್ನು ಮುಂದಿಟ್ಟು, ತೀರ್ಮಾನಿಸಬೇಕಾದುದು ಅದು.